ಮಾವನವರು ಉಜ್ಜಿದ ರೆಕ್ಕೆಗಳು

ನಮ್ಮ ಮಾವನವರ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಗ್ರೀಸು. ಅದೇ ಬೆರಳನ್ನು ಗಡಿಗೆಗೆ ಅದ್ದಿ, ಚೀಪಿ, ಮೊಸರು ಹುಳಿಯೋ ಅಲ್ಲವೋ ಎಂದು ತೀರ್ಪು ಕೊಡುವರು. ಹೊಸ ಸೊಸೆ ನಾನು, ಬಾಯಿ ಬಿಡುವಂತಿಲ್ಲ. ಇದರಿಂದ ಯಾವ ಕಾಯಿಲೆ ಮೊದಲು ಬಂದೀತು ಎಂದು ಯೋಚಿಸುತ್ತ ಉಣ್ಣುತ್ತಿದ್ದೆ. ಯಾವುದೂ ಬರಲಿಲ್ಲ, ಯೋಚನೆ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಆಗ ತಾಳವಾಡಿ ಸೀಮೆಯಲ್ಲಿ ಪಂಪೆಂದರೆ ಊರೇ ನೋಡಲು ಬರುವ ಕಾಲ. ದಿಂಬಂ ಘಾಟಿ ಹತ್ತಿಸಿ ತಂದ ಎಂಜಿನ್ನು, ಪಂಪು ಎರಡನ್ನೂ ಮಾವನವರು ಪಾಲುಬಾವಿಗೆ ಹಾಕಿಸಿದ್ದರು. ಬಾವಿಯ ಇನ್ನರ್ಧ ಚಿಕ್ಕತ್ತೆಯದು, ಅಂದರೆ ಮಾವನವರ ತೀರಿಹೋದ ತಮ್ಮನ ಹೆಂಡತಿಯದು. ಎರಡೂ ಮನೆಯ ಈರುಳ್ಳಿಗೆ ಅದೊಂದೇ ನೀರು.

ನೆಟ್ಟಗೆ ನಡೆಯುವುದನ್ನು ಬಿಚ್ಚಿ ನೋಡದಿದ್ದರೆ ಮಾವನವರಿಗೆ ಉಂಡದ್ದು ಅರಗದು. ಒಂದು ಬೆಳಿಗ್ಗೆ ಎಂಜಿನ್ನು ಎಂದಿನಂತೆ ಅರಚಿತು, ಕೊಳವೆಯಿಂದ ಮಾತ್ರ ಎಂಜಲಿನಂಥ ನೊರೆ ಬಂತು.

"ಎಣ್ಣೆ ಸರಿಗಿಲ್ಲ," ಎಂದರು ಮಾವನವರು.

"ನೆನ್ನ ಇದ್ದ ಎಣ್ಣಗ ಇವತ್ತೇನ್ ಬಂದದ ಬಾವಾ?" ಎಂದಳು ಚಿಕ್ಕತ್ತೆ.

ಅಂದು ಚಿಕ್ಕತ್ತೆ ನಮ್ಮಲ್ಲೇ ಊಟಕ್ಕಿದ್ದಳು. ಮಾವನವರು ಕೈಯಾರೆ ಮುರಿದುಕೊಟ್ಟ ಮುದ್ದೆಯಲ್ಲಿ ನನ್ನ ಹಲ್ಲಿಗೆ ಕರಕರ ಸಿಕ್ಕಿತು. ಉಗಿದರೆ ಕಬ್ಬಿಣದ ಪುಡಿ. ಚಿಕ್ಕತ್ತೆ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಇದೂ ಎಣ್ಣೆಯಾ?" ಎಂದಳು.

ಮಾವನವರು ತಲೆ ಎತ್ತಲಿಲ್ಲ. "ಪಂಪೊಳಗಿನ ಚಕ್ರ ತಿರುಗ್ತದ, ಗೇಯ್ತದ. ಸುತ್ತ ಬಾಗಿರೋ ರೆಕ್ಕಗಳು ಅಳ್ಳಾಡೋದೇ ಇಲ್ಲ. ಕುಂತು ತಿನ್ನೋ ಅಳಿಯಂದಿರಂಗ ನೀರಿಗ ಅಡ್ಡ ಅವ ಅಂತ ನಾನೇ ಕಬ್ಬಿಣದ ಅರ ತಕ್ಕಂಡು ಉಜ್ಜಿಬುಟ್ಟಿ ಕಣವ್ವ."

ಕೊಯಮತ್ತೂರಿನಿಂದ ಬಂದ ಫಿಟ್ಟರ್ ತಲೆ ಚಚ್ಚಿಕೊಂಡ. ಚಕ್ರ ನೀರನ್ನು ಬರೀ ಎರಚುತ್ತದಂತೆ. ಎರಚಿದ ನೀರಿನ ವೇಗ ತಗ್ಗಿಸಿ, ಅದನ್ನು ಮೇಲಕ್ಕೆ ದಬ್ಬುವ ಒತ್ತಡವಾಗಿಸುವುದು ಆ ನಿಂತ ರೆಕ್ಕೆಗಳ ಬಾಗು. ಬಾಗು ಹೋದರೆ ನೀರು ಒಳಗೇ ಸುತ್ತಿ ಸುತ್ತಿ ಸಾಯುತ್ತದೆ. ಹೊಸದು ಎರಕವಾಗಿ ಬರಬೇಕು, ತಡವಾಗುತ್ತದೆ ಎಂದು ಹೋದ.

ಮಾವನವರು ಅಟ್ಟದಿಂದ ಹಳೆಯ ಕಪಿಲೆ ಇಳಿಸಿದರು. ಎತ್ತು ಎಳೆದು ಬಾವಿಯ ನೀರೆತ್ತುವ, ಸತ್ತ ಇಲಿಯಂತೆ ನಾರುವ ತೊಗಲ ಚೀಲ. ಅದರ ನೀರು ಒಂದು ಹೊಲಕ್ಕೆ ಸಾಕಾದರೆ ಹೆಚ್ಚು. ಅವರು ಕಾಲುವೆಯನ್ನು ಚಿಕ್ಕತ್ತೆಯ ಹೊಲಕ್ಕೆ ತಿರುಗಿಸಿದರು.

"ನಿಮ್ದು ಒಣಗೋಯ್ತದಲ್ಲ ಬಾವಾ!"

"ಒಣಗ್ಲಿ. ಉಜ್ಜಿದ್ದು ನಾನು."

ನಮ್ಮದು ಒಣಗಿತು. ಅವಳ ಬೆಳೆ ಬಂತು, ಒಂದು ಬುಟ್ಟಿ ಈರುಳ್ಳಿ ಕಳಿಸಿದಳು. ಮಾವನವರು ಮುಟ್ಟಲಿಲ್ಲ. "ನಂಗ್ ಬ್ಯಾಡ ಕಣವ್ವ, ನೀನುಣ್ಣು," ಎಂದು ನನಗೆ ಹೇಳಿ, ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡರು. ಮುಂದಿನ ಬೆಳೆ ಕಾಣುವ ಮೊದಲೇ ತೀರಿಕೊಂಡರು.

ಅವರ ಪಾಲಿನ ಈರುಳ್ಳಿಯನ್ನೂ ತಿಂದವಳು ನಾನು. ಚೆನ್ನಾಗಿಯೇ ಇತ್ತು.