ಸೋಯಾ ಹಿಂಡಿಯೊಳಗಿನ ಬಿಳಿ ಹರಳು

ಸುರಪುರದ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದ ಸಾಬಮ್ಮ, ಒಂಬತ್ತು ವರ್ಷಗಳಿಂದ ಪಟಾನ್‌ಚೆರುವಿನ ಕೋಳಿ ಆಹಾರದ ಫ್ಯಾಕ್ಟರಿಯಲ್ಲಿ ಸೋಯಾ ಹಿಂಡಿಯ ಚೀಲ ಬಿಚ್ಚಿ ಸುರಿಯುತ್ತಿದ್ದಳು. ಎಣ್ಣೆ ತೆಗೆದ ಸೋಯಾ ಕಾಳಿನ ಆ ಪುಡಿ ತಿಂದೇ ಕೋಳಿಮರಿಗಳು ಮೈ ಹಿಡಿಯಬೇಕು. ಒಳ್ಳೆಯ ಹಿಂಡಿಗೆ ಹುರಿಗಡಲೆಯ ಘಮ. ಚೀಲ ಬಿಚ್ಚಿದೊಡನೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದು ಅವಳ ರೂಢಿ.

ಈ ಮಳೆಗಾಲದಲ್ಲಿ ಒಂದು ಲಾರಿ ಹಿಂಡಿ ನೆನೆದು ಬಂತು. ಬಿಚ್ಚಿದರೆ ಹಸಿರು ಬೂಷ್ಟು ಹಿಡಿದ ಹೆಂಟೆಗಳು, ಕೊಳೆತ ಕಾಳಿನ ನಾತ. ಸೂಪರ್‌ವೈಸರ್ ಬೂದೆಪ್ಪ ಅವನ್ನು ಒಡೆಸಿ, ಬಿಸಿಲಿಗೆ ಹರವಿಸಿ, ತಾನೇ ನಿಂತು ಎಂಥದೋ ಬಿಳಿ ಹರಳು ಬೆರೆಸಿದ. ಆ ಹಿಂಡಿಯ ಚಿಟಿಕೆ ಬಾಯಿಗೆ ಬಿದ್ದದ್ದೇ ಸಾಬಮ್ಮನ ನಾಲಗೆ ಮೊದಲು ತಣ್ಣಗಾಯಿತು, ಆಮೇಲೆ ಕಹಿ ಇರಿಯಿತು. ಹೊಲಕ್ಕೆ ಯೂರಿಯಾ ಗೊಬ್ಬರ ಎರಚಿದ ಕೈಯಲ್ಲೇ ರೊಟ್ಟಿ ತಿಂದು ಬೆಳೆದವಳು ಆಕೆ; ಆ ರುಚಿ ಗುರುತು ಹತ್ತಿತು.

"ಯೂರಿಯಾ ಹಾಕೀರೇನ್ರಿ ಇದಕ್ಕ?"

"ಲ್ಯಾಬಿನ್ಯಾಗ ಪ್ರೋಟೀನು ಬರೋಬ್ಬರಿ ಬಂದೈತಿ. ತಿನ್ನೋದು ಕೋಳಿ, ನೀನಲ್ಲ. ಸುಮ್ನ ಸುರಿ," ಎಂದ ಬೂದೆಪ್ಪ.

ಸೆರಗಿನ ತುದಿಗೆ ಒಂದು ಹಿಡಿ ಹಿಂಡಿ ಕಟ್ಟಿಕೊಂಡು ಲ್ಯಾಬಿಗೆ ಹೋದಳು. ಅಲ್ಲಿ ಹಿಂಡಿ ಪರೀಕ್ಷಿಸುವ ಹರ್ಷಿತಾ ಕಾಚಿಗೂಡದ ಕನ್ನಡದ ಹುಡುಗಿ. ಆ ಹಿಂಡಿಗೆ ಹಸಿ ಸೋಯಾ ಹಿಟ್ಟು, ನೀರು ಬೆರೆಸಿ ಮುಚ್ಚಿಟ್ಟಳು; ಯೂರಿಯಾ ಇದ್ದರೆ ಹಸಿ ಸೋಯಾ ಅದನ್ನು ಒಡೆದು ಅಮೋನಿಯಾ ನಾತ ಎಬ್ಬಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ತೆಗೆದರೆ ತೊಳೆಯದ ಮೂತ್ರಿಖಾನೆಯ ನಾತ ಮೂಗಿಗೆ ರಾಚಿತು.

"ಮಷೀನು ಸಾರಜನಕ ಅಷ್ಟ ಎಣಸತೈತಿ ಅಕ್ಕಾ. ಯೂರಿಯಾದಾಗಿನ ಸಾರಜನಕಾನೂ ಪ್ರೋಟೀನ್ ಅಂತ ತೋರಸತೈತಿ." ಬಟ್ಟಲು ತೊಳೆಯುತ್ತ ಹುಡುಗಿ ದನಿ ತಗ್ಗಿಸಿದಳು, "ನಾ ಗೊತ್ತಿದ್ದೂ ರಿಪೋರ್ಟಿಗೆ ಆಗಲೇ ಸಹಿ ಮಾಡೀನಿ. ಯಾರ ಮುಂದೂ ಹೇಳಬ್ಯಾಡ್ರಿ."

ಎಲ್ಲ ಗೊತ್ತಿದ್ದೂ ಸಹಿ! ಬೂದೆಪ್ಪನ ಮೇಲೂ ಹುಟ್ಟದಷ್ಟು ಹೇಸಿಗೆ ಸಾಬಮ್ಮನಿಗೆ ಆ ಸೋಪು ಹಚ್ಚಿದ ಕೈಗಳ ಮೇಲೆ ಹುಟ್ಟಿತು.

ಮರುದಿನ ಜಹೀರಾಬಾದ್ ಕಡೆಯ ಕೋಳಿಫಾರಂ ಸೋಮಣ್ಣ ಕೋಳಿ ಆಹಾರ ಒಯ್ಯಲು ಲಾರಿ ತಂದ. ಸಾಬಮ್ಮ ಎಲ್ಲರೆದುರೇ ಅವನ ಮುಂದೆ ಹಿಂಡಿ ತುಂಬಿದ ಮುಷ್ಟಿ ಬಿಚ್ಚಿದಳು.

"ಅಣ್ಣಾರ, ನಿಮ್ಮ ಮರಿಗೆ ಹಾಕೋದು ಇದರಿ. ಒಂಚೂರು ಬಾಯಾಗ ಹಾಕ್ಕೋರಿ."

ಸೋಮಣ್ಣ ಥೂ ಎಂದು ಉಗಿದು, ಖಾಲಿ ಲಾರಿ ತಿರುಗಿಸಿಕೊಂಡು ಹೋದ.

"ನಾಳಿಂದ ಬರಬ್ಯಾಡ ನೀ!" ಬೂದೆಪ್ಪ ಅರಚಿದ.

"ಕೈಮುಗದು ಕರದ್ರೂ ಬರಂಗಿಲ್ಲ."

ಎಂಟು ದಿನದ ಮೇಲೆ ಬಸ್ಸಿನ ಕಿಟಕಿಯಿಂದ ಕಂಡಳು: ಫ್ಯಾಕ್ಟರಿ ಗೇಟಿನಲ್ಲಿ ಬೂಷ್ಟಿನ ಕಲೆ ಹತ್ತಿದ ಅವೇ ಚೀಲಗಳು ಇನ್ನಾರದೋ ಲಾರಿ ಏರುತ್ತಿದ್ದವು.

ಈಗ ಲಿಂಗಂಪಲ್ಲಿಯ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಮೊಟ್ಟೆಯ ಟ್ರೇ ಒಳಗೆ ಬಂದರೆ ಜೊತೆಯ ಅಡುಗೆಯವಳಿಗೆ ಬಿಟ್ಟು, ಸೆರಗು ಮೂಗಿಗೆ ಒತ್ತಿ ಹಿತ್ತಲಿಗೆ ನಡೆಯುತ್ತಾಳೆ.

"ನೀವ ಬೇಯಿಸ್ಕೋರಿ ಯವ್ವಾ. ನಾ ಮುಟ್ಟಂಗಿಲ್ಲ."