ಲೋರೆಂಟ್ಸನ ನುಣುಪಾದ ಬೋಲ್ಟು

ಬೆಟ್ಟದ ತಪ್ಪಲಿನ ನಮ್ಮ ಫೆರ್ಲಾಖ್ ಊರಿನಲ್ಲಿ ಕೋವಿಯ ಕೆಲಸ ಬಲ್ಲವರು ಬೀದಿಗೊಬ್ಬರಿದ್ದರು. ಅವರಲ್ಲಿ ಫ್ಲೋರಿಯಾನ್ ಊಜ್ನಿಕ್ಕನ ಕೈಗೆ ಬೇರೆಯೇ ಹೆಸರಿತ್ತು. ಜನರು ಯುದ್ಧಕಾಲದ ಹಳೆಯ ಕೋವಿಯಲ್ಲಿ ಗುಂಡನ್ನು ಒಳನೂಕಿ ಹಿಂದಿನಿಂದ ಮುಚ್ಚುವ ಬೋಲ್ಟನ್ನೂ ಅದು ಓಡಾಡುವ ಉಕ್ಕಿನ ಒಡಲನ್ನೂ ಅವನ ಬಳಿಗೆ ತರುತ್ತಿದ್ದರು. ಅವು ಯೋಗ್ಯವೆನಿಸಿದರೆ ಅವನು ಹೊಸ ನಳಿಗೆ, ಅಕ್ರೋಟು ಮರದ ಹಿಡಿ ಕೂರಿಸಿ ಬೇಟೆಯ ಕೋವಿ ಮಾಡಿಕೊಡುತ್ತಿದ್ದನು.

ಅಂಥ ಬೋಲ್ಟು ಯಾರಿಗೆ ಸಿಕ್ಕಿದರೂ ಅದು ಮೊದಲು ಹೆಂಡದಂಗಡಿಯ ಮೇಜಿನಿಂದ ಮೇಜಿಗೆ ಹೋಗಬೇಕು. ಪ್ರತಿಯೊಬ್ಬನೂ ಕಣ್ಣು ಮುಚ್ಚಿ ಎಳೆದು, ನೂಕಿ, ತನ್ನ ಅಭಿಪ್ರಾಯ ಹೇಳಬೇಕು. ಅಲ್ಲಿ ಎಲ್ಲರೂ ಮೆಚ್ಚಿದ್ದು ಮರ ಕೊಯ್ಯುವ ಮಿಲ್ಲಿನ ಲೋರೆಂಟ್ಸನ ಬೋಲ್ಟನ್ನು. ಚಳಿಗಾಲವೆಲ್ಲ ಅವನು ಒಲೆಯ ಪಕ್ಕ ಕುಳಿತು ಅದನ್ನೂ ಅದರ ಒಡಲನ್ನೂ ನುಣ್ಣನೆಯ ಸಾಣೆಪುಡಿ, ಎಣ್ಣೆ ಹಾಕಿ ಉಜ್ಜುತ್ತಿದ್ದನು. ವಸಂತದಲ್ಲಿ ಫ್ಲೋರಿಯಾನ್ ಅದನ್ನು ಎಳೆದು ನೋಡಿ, "ಬೆಣ್ಣೆ ಕಣಯ್ಯಾ!" ಎನ್ನುವನು. ಲೋರೆಂಟ್ಸ್ ಹಿಗ್ಗಿ ಮುಂದಿನ ಚಳಿಗಾಲದಲ್ಲಿ ಇನ್ನಷ್ಟು ಉಜ್ಜುವನು. ಕೋವಿ ಮಾಡಿಸುವ ಮೊದಲೇ ಅವನು ತೀರಿಕೊಂಡನು.

ಅವನ ಹೆಂಡತಿ ನೋಟ್‌ಬುರ್ಗಾ, ಊರವರ ಬಾಯಲ್ಲಿ ಬುರ್ಗಿ, ತಾನೂ ಬೇಟೆಗಾರ್ತಿ. ಆ ವರ್ಷ ಬೇಟೆಯ ಸಂಘದಲ್ಲಿ, ಮೇಲಿನ ಬಂಡೆಗಳಲ್ಲಿ ಒಂದು ಕಾಡುಮೇಕೆ ಹೊಡೆಯುವ ಸರದಿ ಅವಳಿಗೆ ಬಂದಿತು. ಲೋರೆಂಟ್ಸ್ ಜೀವನವೆಲ್ಲ ಕಾದಿದ್ದ ಸರದಿ ಅದು. ಅವನ ಬೋಲ್ಟಿನ ಕೋವಿಯಿಂದಲೇ ಹೊಡೆಯಬೇಕೆಂದು ಅವಳು ಅದನ್ನು ಒಡಲಿನ ಸಮೇತ ಬಟ್ಟೆಯಲ್ಲಿ ಸುತ್ತಿ ಫ್ಲೋರಿಯಾನನ ಬಳಿಗೆ ತಂದಳು.

ಅವನು ಎಂದಿನಂತೆ ಕಣ್ಣು ಮುಚ್ಚಿ ಎಳೆದನು. ಈ ಸಲ ಮುಖ ಅರಳಲಿಲ್ಲ; ನುಣುಪು ಅತಿಯಾಗಿತ್ತು. ಬೋಲ್ಟಿನ ತುದಿಯಲ್ಲಿ, ಸಿಡಿತದ ಒತ್ತಡವನ್ನೆಲ್ಲ ಹೊರುವ ಎರಡು ಕಿವಿಗಳಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಒಡಲಿಗೆ ಕೂರಿಸಿ ಮುಚ್ಚಿ ತೆರೆದನು. ಒಂದು ಕಿವಿಯ ಮಸಿ ಮಾತ್ರ ಅಳಿಸಿತ್ತು; ಭಾರವೆಲ್ಲ ಅದೊಂದರ ಮೇಲೆಯೇ ಬೀಳುತ್ತಿತ್ತು.

"ಬುರ್ಗಿ, ಇದು ಬೇಡ."

"ಯಾಕೆ? ಊರಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ!"

"ಹೇಳ್ತಿದ್ದೆ."

"ಅವನು ಸತ್ತಮೇಲೆ ಹೊಟ್ಟೆಕಿಚ್ಚೋ ನಿಂಗೆ?"

ಫ್ಲೋರಿಯಾನ್ ಒಂದು ಸಣ್ಣ ಅರವನ್ನು ಅವಳ ಕೈಗಿತ್ತನು. "ಮೊದಲು ನನ್ನ ಕಪಾಟಿನ ಬೋಲ್ಟಿನ ಕಿವಿ ಮೇಲೆ ಎಳಿ." ಅರ ಗಾಜಿನ ಮೇಲೆ ಹೋದಂತೆ ಜಾರಿತು. "ಈಗ ಅವಂದರ ಮೇಲೆ." ಅರ ಕಚ್ಚಿತು, ತುದಿಯಲ್ಲಿ ಉಕ್ಕಿನ ಪುಡಿ ಮಿನುಗಿತು.

"ಉಕ್ಕಿನ ಮೇಲೆ ತೆಳ್ಳಗೆ ಒಂದು ಗಟ್ಟಿ ತೊಗಲಿರುತ್ತೆ ಬುರ್ಗಿ. ಉಜ್ಜಿ ಉಜ್ಜಿ ಅವನು ಅದನ್ನೇ ತೆಗೆದುಬಿಟ್ಟಿದಾನೆ. ಗುಂಡು ಹಾರಿಸ್ತಾ ಹೋದರೆ ಒಂದು ದಿನ ಇದು ನಿನ್ನ ಮುಖಕ್ಕೇ ಬರುತ್ತೆ."

ಅವಳು ಆ ಪುಡಿಯನ್ನು ಬೆರಳಿನಿಂದ ಒರೆಸಿ ನೋಡಿದಳು. "ಹಾಗಾದರೆ ಅಷ್ಟು ಚಳಿಗಾಲ ಕೂತು ಅವನು ಮಾಡಿದ್ದೇನು?"

"ಹೊಗಳಿ ಹೊಗಳಿ ಉಜ್ಜಿಸಿದ್ದು ನಾನು. ಒಂದು ಸಲವೂ ಮಸಿ ಹಚ್ಚಿ ನೋಡಲಿಲ್ಲ."

ಅವಳು ಬೋಲ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ಹೋದಾಗ ಅವನು ತಡೆದನು. "ಇಲ್ಲೇ ಬಿಟ್ಟು ಹೋಗು. ಕೋವಿ ಆಗುತ್ತೆ."

ಬೇಟೆಯ ಕಾಲಕ್ಕೆ ಕೋವಿ ಸಿದ್ಧವಾಯಿತು. ಬೋಲ್ಟು ಫ್ಲೋರಿಯಾನ್ ತನಗೆಂದೇ ಕಪಾಟಿನಲ್ಲಿ ಇಟ್ಟುಕೊಂಡಿದ್ದದ್ದು. ಅವಳು ಎಳೆದು ನೋಡಿ ಮೂಗು ಮುರಿದಳು.

"ಥೂ, ಜಲ್ಲಿ ಮೇಲೆ ಗಾಡಿ ಎಳೆದ ಹಾಗಿದೆ!"

"ಬಳಸು, ಎಣ್ಣೆ ಹಾಕು. ತಾನೇ ನಯವಾಗುತ್ತೆ. ಉಜ್ಜಿದೆಯೋ, ಕೋವಿ ವಾಪಸ್ ಕಿತ್ಕೋತೀನಿ."

ಆಗ ಅವಳ ಎಡಗೈ ಕೋವಿಯ ಹೊಟ್ಟೆಯ ಕೆಳಗೆ ಹೋಯಿತು. ಗುಂಡುಗಳ ಗೂಡನ್ನು ಅಡಿಯಿಂದ ಮುಚ್ಚುವ ಕಬ್ಬಿಣದ ಪಟ್ಟಿ ಅಲ್ಲಿತ್ತು, ಬೆಣ್ಣೆಯಂತೆ ನುಣ್ಣಗೆ. ಆ ಪಟ್ಟಿ ಯಾವ ಒತ್ತಡವನ್ನೂ ಹೊರುವುದಿಲ್ಲ. ಅದೊಂದನ್ನು ಫ್ಲೋರಿಯಾನ್ ಲೋರೆಂಟ್ಸ್ ಉಜ್ಜಿದ್ದ ಒಡಲಿನಿಂದ ಬಿಚ್ಚಿ ಇಲ್ಲಿ ಕೂರಿಸಿದ್ದನು.

ಬೆಟ್ಟ ಹತ್ತುವಾಗ ನಮ್ಮವರು ಕೋವಿಯನ್ನು ಹಿಡಿಯುವುದು ಸರಿಯಾಗಿ ಅಲ್ಲಿಯೇ. ನೋಟ್‌ಬುರ್ಗಾ ಅಲ್ಲಿಯೇ ಹಿಡಿದು ಅಂಗಡಿಯಿಂದ ಹೊರಟಳು.