ಜಗೋರ್ಕಾ ಮೇಜಿನ ಮೇಲಿಟ್ಟ ಪದಗಳು

ಡ್ಯಾನ್ಯೂಬ್ ನದಿಯ ನಮ್ಮ ಸರಕು ದೋಣಿಯಲ್ಲಿ ಪಾತ್ರೆ ತೊಳೆಯಲು ಆಳಿರಲಿಲ್ಲ. ತಾನು ಬೇಯಿಸಿದ್ದನ್ನು ಉಂಡವರ ಎಂಜಲನ್ನು ತಾನೇ ತೊಳೆಯುವುದಿಲ್ಲವೆಂದು ಅಡುಗೆಯ ಜಗೋರ್ಕಾ ಕೆಲಸಕ್ಕೆ ಸೇರಿದ ದಿನವೇ ಸಾರಿದ್ದಳು. ಅಪಾತಿನ್ ಊರಿನ ಆ ಸರ್ಬಿಯನ್ ವಿಧವೆಯ ಮೀನುಸಾರು ಉಂಡ ಮೇಲೆ, ದೋಣಿಯ ಕ್ಯಾಪ್ಟನ್ ಆದ ನಾನೂ ಎದುರಾಡಲಿಲ್ಲ.

ಅವಳೇ ಒಂದು ಪಂದ್ಯ ಹೂಡಿದಳು. ಊಟ ಮುಗಿದೊಡನೆ ಒಂದು ಪದವನ್ನು ಮೇಜಿನ ಮೇಲಿಡುವುದು. ಅದಕ್ಕೆ ತಮ್ಮ ಭಾಷೆಯಲ್ಲಿರುವ ಅರ್ಥ ಹೇಳಲಾಗದವರು ಪಾತ್ರೆ ತೊಳೆಯುವುದು. ಹಂಗೇರಿಯ ಸಂಜೆಶಾಲೆಯಲ್ಲಿ ಭಾಷಾಶಾಸ್ತ್ರ ಓದಿದ ನಾನು ತೀರ್ಪುಗಾರ್ತಿ. ನಿಯಮವೆಂದರೆ ನಿಯಮ.

ಒಮ್ಮೆ ಅವಳು 'ರೋಕ್' ಎಂದಳು.

"ನಮ್ಮಲ್ಲಿ ಹೆಂಗಸರ ಲಂಗ," ಎಂದ ಡಚ್ ನಾವಿಕ ವೀಬೆ.

"ನಮ್ಮ ಸರ್ಬಿಯನ್‌ನಲ್ಲಿ ಗಡುವು. ನೀವು ಹೇಳಿ ಮೇಸ್ತ್ರಿ."

ಸ್ಲೊವಾಕಿಯಾದ ಎಂಜಿನ್ ಮೇಸ್ತ್ರಿ ಸ್ವೆಟೊಜಾರ್ ತಲೆ ಕೆರೆದುಕೊಂಡ. "ಗೊತ್ತಿಲ್ಲ."

"ತಲೇಲಿ ಬರೀ ಗ್ರೀಸೇ ತುಂಬಿದೆ," ಎಂದಳು ಜಗೋರ್ಕಾ.

ಅವನ ಭಾಷೆಯಲ್ಲಿ ಅದು 'ವರ್ಷ'. ತೊಟ್ಟಿಲ ಕೂಸೂ ಬಲ್ಲ ಪದ. ವರ್ಷವೂ ಗಡುವೂ ಒಂದೇ ತಾಯಿಯ ಮಕ್ಕಳೆಂದು, 'ಹೇಳು' ಎಂಬರ್ಥದ ಹಳೆಯ ಧಾತುವಿನಿಂದ ಹುಟ್ಟಿ ಗೊತ್ತುಪಡಿಸಿದ ಕಾಲವನ್ನು ಸೂಚಿಸಿದವೆಂದು, ಡಚ್ಚರ ಲಂಗ ಮಾತ್ರ ಅದೇ ವೇಷದ ದಾರಿಹೋಕನೆಂದು ನಾನು ವಿವರಿಸಿದೆ. ಸ್ವೆಟೊಜಾರ್ ವಿಧೇಯನಾಗಿ ಕೇಳಿ ಅಂಗಿಯ ತೋಳು ಮಡಿಸಿಕೊಂಡು ಎದ್ದ. ತೊಳೆಯುವ ತೊಟ್ಟಿ ಅವಳ ಒಲೆಯ ಪಕ್ಕದಲ್ಲೇ ಇತ್ತು. ದಿನವೂ ಅವನೇ ಸೋಲುತ್ತಿದ್ದ.

ಆ ಮೇಸ್ತ್ರಿ ನಿವೃತ್ತನಾಗಿ ಕೊಮಾರ್ನೋ ಬಂದರಿನಲ್ಲಿ ಇಳಿಯುವ ಹಿಂದಿನ ದಿನ ಜಗೋರ್ಕಾ ನನ್ನ ಬಳಿ ಬಂದಳು.

"ಇಷ್ಟು ವರ್ಷ ತಟ್ಟೆ ತೊಳೆದ್ರು, ಬಾಯಿಬಿಟ್ಟು ಒಂದು ಮಾತು ಆಡ್ಲಿಲ್ಲ. ನಾಳೆ ಇಳಿದು ಹೋದ್ರೆ ಅಲ್ಲಿಗೆ ಮುಗೀತು ಕ್ಯಾಪ್ಟನ್."

"ನೀನೇ ಕೇಳಬಾರದೇನೇ?"

"ಸಾರು ಬಡಿಸ್ತೀನಿ. ತುತ್ತು ಮಾಡಿ ಬಾಯಿಗಿಡೋಳಲ್ಲ ನಾನು."

ಮರುದಿನ ಎಸ್ತರ್ಗೋಮ್ ಸೇತುವೆ ಸಮೀಪಿಸಿದಾಗ ಊಟ ಮುಗಿದಿತ್ತು. ವೀಬೆ 'ಮೋಸ್ತ್' ಎಂಬ ಪದವಿಟ್ಟ. ಅವನಿಗದು ಇನ್ನೂ ಹುದುಗದ ದ್ರಾಕ್ಷಿರಸ, ಲ್ಯಾಟಿನಿನಿಂದ ಬಂದದ್ದು. ನಮ್ಮ ಹಂಗೇರಿಯನ್ನಿನಲ್ಲಿ 'ಈಗ'. ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಉಳಿದಿಬ್ಬರಿಗೂ ಅದು 'ಸೇತುವೆ'. ಸೇತುವೆಯ ನೆರಳು ಆಗಲೇ ನಮ್ಮ ತಟ್ಟೆಗಳ ಮೇಲೆ ಬಿದ್ದಿತ್ತು.

"ಗೊತ್ತಿಲ್ಲ," ಎಂದ ಸ್ವೆಟೊಜಾರ್.

ಎಂದೂ ಸೋಲದ ಜಗೋರ್ಕಾ ಕಿಟಕಿಯಿಂದ ಮೇಲಿನ ಕಬ್ಬಿಣದ ತೊಲೆಗಳನ್ನು ಸಾವಧಾನವಾಗಿ ನೋಡಿದಳು.

"ನಂಗೂ ಗೊತ್ತಿಲ್ಲ."

"ಅಕ್ಕಾ, ತಲೆ ಮೇಲೇ ಇದೆಯಲ್ಲ," ಎಂದ ವೀಬೆ.

"ನೀನು ಬಾಯಿ ಮುಚ್ಚಪ್ಪ."

ಇಬ್ಬರೂ ತೊಳೆಯತಕ್ಕದ್ದೆಂದು ನಾನು ತೀರ್ಪಿತ್ತೆ. ಅವರು ತಟ್ಟೆಗಳನ್ನೆತ್ತಿಕೊಂಡು ಅಡುಗೆಕೋಣೆಯ ಒಳಗೆ ಹೋದರು.

"ಅಪಾತಿನ್ ಮನೇಲಿ ಎಂಜಿನ್ ಏನಾದ್ರೂ ಇದೆಯಾ?" ಸ್ವೆಟೊಜಾರ್‌ನ ದನಿ.

"ಬಾವಿ ಪಂಪ್ ಇದೆ. ಕೆಟ್ಟಿದೆ."

"ನಾನು ಬಂದು ನೋಡ್ಲಾ?"

"ನೋಡಿ ಹೋಗೋದಾದ್ರೆ ಬೇಡ. ಅದು ಪದೇ ಪದೇ ಕೆಡುತ್ತೆ."

"ಹಾಗಾದ್ರೆ ಅಲ್ಲೇ ಇರ್ಬೇಕಾಗುತ್ತೆ."

"ಮತ್ತೆ, ನಾನೇನು ಬೇಡ ಅಂದ್ನಾ?"

ಕೊಮಾರ್ನೋದಲ್ಲಿ ಹೊಸ ಮೇಸ್ತ್ರಿ ಹತ್ತಿದ, ಹಳೆಯವನು ಇಳಿಯಲಿಲ್ಲ. ದೋಣಿ ಲಿಂಟ್ಸ್ ನಗರಕ್ಕೆ ಹೋಗಿ ಅಪಾತಿನ್‌ಗೆ ಮರಳುವವರೆಗೆ ಅವನನ್ನು ಇರಿಸಿಕೊಳ್ಳಬೇಕಿತ್ತು. ಪ್ರಯಾಣಿಕರನ್ನು ಒಯ್ಯಲು ನಮಗೆ ಪರವಾನಗಿಯಿಲ್ಲ. ಆದಕಾರಣ ಅವನನ್ನು ಪಾತ್ರೆ ತೊಳೆಯುವ ಆಳಾಗಿ ನೇಮಿಸಿಕೊಂಡೆ.